ಪಂಚಾಯಿತಿಯ ಪಟ್ಟಿಯಲ್ಲಿ ‘ಸೊನ್ನೆ’ ಎಂದು ಹೇಗೆ ಬರೆಯಲಿ?

ಗುಡಿಬಂಡೆ ಟೀಚರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಮುಂದಿನ ವಾರ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಇದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಈಗ ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿ ಒಂಬತ್ತು ವಿಷಯಗಳಾಗಿ ವಿಂಗಡಿಸಿದ್ದಾರೆ. ನಮ್ಮ ಪಂಚಾಯಿತಿ ಈ ವರ್ಷ ‘ಮಕ್ಕಳ ಸ್ನೇಹಿ’ ಎಂಬುದನ್ನು ಆರಿಸಿಕೊಂಡಿದೆ. ಸಭೆಗಾಗಿ ಸಿದ್ಧಪಡಿಸಿದ ಟಿಪ್ಪಣಿಯನ್ನು ಓದಿ ನೋಡಿ ಎಂದು ನನಗೆ ಕೊಟ್ಟರು. ಅದರಲ್ಲಿ ‘ಹದಿನೆಂಟರೊಳಗೆ ತಾಯಂದಿರಾದವರು’ ಎಂಬ ಸಾಲಿನ ಮುಂದೆ ಸೊನ್ನೆ ಇತ್ತು.

ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಎರಡು ವರ್ಷದ ಹಿಂದೆ ಹತ್ತನೆಯ ತರಗತಿಯಲ್ಲಿದ್ದವಳು. ಸೊಂಟದ ಮೇಲೆ ಆರು ತಿಂಗಳ ಕೂಸು. ನನ್ನನ್ನು ಕಂಡವಳು ಮೊದಲು ಸೆರಗಿನಿಂದ ಕೂಸಿನ ಮುಖ ಮುಚ್ಚಿದಳು, ಆಮೇಲೆ ತಾನೇ ಹತ್ತಿರ ಬಂದು, “ಮೇಡಂ, ಮಳೆಯ ಬಗ್ಗೆ ನಾನು ಬರೆದ ಪ್ರಬಂಧ ಗೋಡೆಯ ಮೇಲೆ ಇನ್ನೂ ಇದೆಯಾ?” ಎಂದು ಕೇಳಿದಳು. ಇದೆ. ನಾನು ಅದನ್ನು ತೆಗೆದಿಲ್ಲ.

ಆ ಹುಡುಗಿಗೆ ಈಗ ಹದಿನೇಳೂವರೆ. ಆ ಸೊನ್ನೆಯೊಳಗೆ ಅವಳಿಲ್ಲ. ಹೆಸರು ಹೇಳಿದರೆ ಅವಳ ಮನೆಗೆ ಪೊಲೀಸರು ಬರುತ್ತಾರೆ, ಹೇಳದಿದ್ದರೆ ಮುಂದಿನ ವರ್ಷವೂ ಅದೇ ಸೊನ್ನೆ. ನಾನು ಸಭೆಯಲ್ಲಿ ಏನು ಹೇಳಬೇಕು? ಬಲ್ಲವರು ದಯವಿಟ್ಟು ಬರೆಯಿರಿ. ನನಗೆ ಸಮಾಧಾನದ ಮಾತು ಬೇಡ, ದಾರಿ ಬೇಕು.

ತುಮಕೂರಿನ ಅಂಕಿಅಂಶ ವಿದ್ಯಾರ್ಥಿ

ಮೇಡಂ, ಮೊದಲು ಲೆಕ್ಕದ ಮಾತು. ನಿಮ್ಮ ಟಿಪ್ಪಣಿಯ ಸಾಲೂ ಜಗತ್ತು ಕೇಳುತ್ತಿರುವ ಪ್ರಶ್ನೆಯೂ ಒಂದೇ ಅಲ್ಲ. 2015ರಲ್ಲಿ ಒಪ್ಪಿಕೊಂಡ 17 ಗುರಿಗಳಲ್ಲಿ ಮೂರನೆಯದು ಆರೋಗ್ಯ. ಅದರ ಕೆಳಗೆ 3.7.2 ಎಂಬ ಸೂಚಕವಿದೆ. 15ರಿಂದ 19 ವಯಸ್ಸಿನ ಪ್ರತಿ 1000 ಹೆಣ್ಣುಮಕ್ಕಳಿಗೆ ಒಂದು ವರ್ಷದಲ್ಲಿ ಎಷ್ಟು ಹೆರಿಗೆ ಎಂಬುದು ಅದರ ಅಳತೆ. 10ರಿಂದ 14ರವರ ಲೆಕ್ಕ ಬೇರೆ. ಅಂದರೆ ಹದಿನೆಂಟು ತುಂಬಿ, ಕಾನೂನಿನಂತೆ ಮದುವೆಯಾಗಿ, ಹತ್ತೊಂಬತ್ತರಲ್ಲಿ ಹೆತ್ತವಳೂ ಇದರಲ್ಲಿ ಬರುತ್ತಾಳೆ. ಬಾಲ್ಯವಿವಾಹದ ಲೆಕ್ಕ ಐದನೆಯ ಗುರಿಯಲ್ಲಿ, 5.3.1ರಲ್ಲಿದೆ. ಅಲ್ಲಿ ಈಗ 20ರಿಂದ 24 ವಯಸ್ಸಿನವರನ್ನು ಹಿಡಿದು, ನಿಮಗೆ ಹದಿನೆಂಟರೊಳಗೆ ಮದುವೆಯಾಗಿತ್ತೇ ಎಂದು ಕೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2000ದಲ್ಲಿ ಜಗತ್ತಿನ ಹದಿಹರೆಯದ ಜನನ ದರ ಸಾವಿರಕ್ಕೆ 64.5 ಇತ್ತು, 2023ಕ್ಕೆ 41.3ಕ್ಕೆ ಇಳಿದಿದೆ. ನಮ್ಮ ದೇಶದಲ್ಲಿ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟ ಸಂಖ್ಯೆ 43.

ನನ್ನನ್ನು ಕಾಡುವುದು ಕರ್ನಾಟಕದ ಒಂದು ಜೋಡಿ ಅಂಕಿ. ಸಮೀಕ್ಷೆಯ ಹೊತ್ತಿಗೆ ತಾಯಿಯಾಗಿದ್ದ ಅಥವಾ ಬಸುರಿಯಾಗಿದ್ದ 15–19ರ ಹೆಣ್ಣುಮಕ್ಕಳು 2015–16ರಲ್ಲಿ ಶೇ 7.8, ಐದನೆಯ ಸಮೀಕ್ಷೆಯಲ್ಲಿ ಶೇ 5.4. ಒಳ್ಳೆಯ ಇಳಿಕೆ. ಆದರೆ ಹದಿನೆಂಟರೊಳಗೆ ಮದುವೆಯಾದವರ ಪ್ರಮಾಣ ಶೇ 21.4 ಇದ್ದದ್ದು ಶೇ 21.3 ಆಗಿದೆ, ಅಷ್ಟೇ. ಒಂದು ಇಳಿದು ಇನ್ನೊಂದು ನಿಂತಲ್ಲೇ ನಿಂತದ್ದಕ್ಕೆ ಒಂದು ಕಾರಣ ಕಾಲದ ಅಂತರ. ಮದುವೆಯ ಪ್ರಶ್ನೆ ಕೇಳುವುದು 20–24ರವರನ್ನು, ಆದ್ದರಿಂದ ಅದು ಐದಾರು ವರ್ಷದ ಹಿಂದಿನ ಚಪ್ಪರಗಳನ್ನು ಎಣಿಸುತ್ತದೆ. ಇನ್ನೊಂದು ಕಾರಣ, ಇಂದು ಹದಿನಾರರ ಹುಡುಗಿಯ ಮನೆಯವರು ಸಮೀಕ್ಷೆಗೆ ಬಂದವರ ಮುಂದೆ ನಿಜ ಹೇಳಲು ಹೆದರುತ್ತಾರೆ ಎಂಬುದೂ ಇರಬಹುದು. ಇಪ್ಪತ್ತೆರಡು ದಾಟಿದ ಮೇಲೆ ಹೇಳಲು ಭಯವಿಲ್ಲ. ಇದು ನನ್ನ ಊಹೆ. ಊಹೆ ನಿಜವಾದರೆ ನಿಮ್ಮ ಸೊನ್ನೆ ಒಂದು ಪಂಚಾಯಿತಿಯ ತಪ್ಪಾಗಿ ಉಳಿಯುವುದಿಲ್ಲ.

ಪಾವಗಡದ ಸಿಸ್ಟರ್

ತುಮಕೂರಿನ ತಮ್ಮನ ಊಹೆ ನನಗೆ ದಿನದ ಕೆಲಸ. ಉಪಕೇಂದ್ರದಲ್ಲಿದ್ದೇನೆ, ಹಳ್ಳಿಯಲ್ಲಿ ನನ್ನನ್ನು ನರ್ಸಮ್ಮ ಎನ್ನುತ್ತಾರೆ.

ಹನ್ನೆರಡು ವಾರದೊಳಗೆ ಗರ್ಭಿಣಿಯ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಕೊಡಬೇಕು. ಕನಿಷ್ಠ ನಾಲ್ಕು ಸಲ ತಪಾಸಣೆ ಆಗಬೇಕು. ಹೆಸರು ಬರೆಯುವಾಗ ಆಧಾರ್ ಕೇಳುತ್ತೇವೆ, ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಇರುತ್ತದೆ. ಹದಿನೆಂಟು ತುಂಬಿಲ್ಲ ಎಂದು ಕಂಡರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ, ತಿಳಿಸದಿದ್ದರೆ ನಮ್ಮ ಮೇಲೆಯೇ ಪ್ರಕರಣ. ಇದು ಎಲ್ಲ ಮನೆಗಳಿಗೂ ಗೊತ್ತಿದೆ. ಹಾಗಾಗಿ ಅಂಥ ಹುಡುಗಿ ನಮ್ಮ ಬಳಿ ಬರುವುದೇ ಇಲ್ಲ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಹಿಂದೂಪುರಕ್ಕೋ ಮಡಕಶಿರಕ್ಕೋ ನೆಂಟರ ಮನೆಗೆ ಕಳುಹಿಸಿಬಿಡುತ್ತಾರೆ. ಆಶಾ ಕಾರ್ಯಕರ್ತೆ ಕೇಳಿದರೆ, ಅಜ್ಜಿಯ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ. ಹದಿನೆಂಟು ತುಂಬಿದ ಮರುದಿನ ಎಂಟನೇ ತಿಂಗಳ ಹೊಟ್ಟೆ ಹೊತ್ತು ಬಂದವಳನ್ನೂ ನಾನು ನೋಡಿದ್ದೇನೆ. ಅಲ್ಲಿಯವರೆಗೆ ಒಂದು ಕಬ್ಬಿಣದ ಮಾತ್ರೆ ಇಲ್ಲ, ಒಂದು ರಕ್ತದೊತ್ತಡದ ಪರೀಕ್ಷೆ ಇಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ರಾತ್ರಿಯನ್ನು ನಾನು ಮರೆತಿಲ್ಲ. ಹದಿನೇಳರ ಹುಡುಗಿ, ಚೊಚ್ಚಲು. ಮುಖ ಊದಿಕೊಂಡಿತ್ತು. ಎರಡು ದಿನದಿಂದ ತಲೆನೋವು, ಕಣ್ಣು ಮಂಜಾಗಿದೆ ಎಂದರೂ ಮನೆಯವರು ದೃಷ್ಟಿ ತೆಗೆದಿದ್ದರು. ರಕ್ತದೊತ್ತಡ ನೋಡಿದರೆ 170/110. ಗರ್ಭಿಣಿಯರ ನಂಜು. 108ರಲ್ಲಿ ಅವಳನ್ನು ಕರೆದುಕೊಂಡು ಹೊರಟಾಗ ದಾರಿಯಲ್ಲಿಯೇ ಫಿಟ್ಸ್ ಬಂತು. ಅವಳು ಉಳಿದಳು. ಒಂದು ಕಿಲೋ ಆರುನೂರು ಗ್ರಾಂ ಇದ್ದ ಮಗು ಮೂರನೆಯ ದಿನ ಹೋಯಿತು. ಅವಳು ಐದನೆಯ ತಿಂಗಳಲ್ಲಿ ನನ್ನ ಮುಂದೆ ಕುಳಿತಿದ್ದರೆ ಆ ಒತ್ತಡವನ್ನು ನಾನು ಹಿಡಿಯುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಇಪ್ಪತ್ತು ದಾಟಿದವರಿಗಿಂತ ಹದಿಹರೆಯದ ತಾಯಂದಿರಿಗೆ ಇಂಥ ನಂಜು, ಬಾಣಂತನದ ಸೋಂಕು ಹೆಚ್ಚು. ಅವರ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದೂ ಹೆಚ್ಚು. ಮೊದಲೇ ಮೈಯಲ್ಲಿ ರಕ್ತವಿಲ್ಲ: ದೇಶದ 15–19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಐದನೆಯ ಸಮೀಕ್ಷೆ ಹೇಳುತ್ತದೆ. ತನ್ನ ಮೈ ಬೆಳೆಯುವುದಕ್ಕೇ ಸಾಲದ ರಕ್ತವನ್ನು ಅವಳು ಇನ್ನೊಂದು ಜೀವದ ಜೊತೆ ಹಂಚಿಕೊಳ್ಳಬೇಕು.

ಟೀಚರ್, ನಿಮ್ಮ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡುತ್ತೀರಲ್ಲವೇ? ದಯವಿಟ್ಟು ನಿಮ್ಮ ಎದುರಿಗೇ ನುಂಗಿಸಿ.

ಮಾಲೂರಿನಿಂದ

ಒಂದು ಸಂಶಯ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.7 ಎಂದು ಓದಿದ್ದೇನೆ. ಜನಸಂಖ್ಯೆ ಆಗಲೇ ಹಿಡಿತಕ್ಕೆ ಬಂದಿದೆ. ಎಲ್ಲೋ ಕುಳಿತವರು ಆಫ್ರಿಕಾಕ್ಕೆಂದು ಮಾಡಿದ ಸೂಚಕವನ್ನು ನಾವೇಕೆ ತಲೆಯ ಮೇಲೆ ಹೊರಬೇಕು? ನಮ್ಮ ಕೋಲಾರಕ್ಕೆ ನೀರಿನ ಗುರಿ ಸಾಕಾಗಿದೆ.

ತುಮಕೂರಿನ ಅಂಕಿಅಂಶ ವಿದ್ಯಾರ್ಥಿ

ಸರ್, ನೀರಿನ ಮಾತು ಒಪ್ಪುತ್ತೇನೆ. ಆದರೆ ಆ 1.7 ಒಂದು ಸಂಗತಿಯನ್ನು ಮುಚ್ಚುತ್ತದೆ. ಎಷ್ಟು ಮಕ್ಕಳು ಎಂಬುದನ್ನು ಅದು ಹೇಳುತ್ತದೆ, ಯಾವ ವಯಸ್ಸಿನಲ್ಲಿ ಎಂಬುದನ್ನು ಹೇಳುವುದಿಲ್ಲ. ನಮ್ಮ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹದಿನಾರಕ್ಕೆ ಮದುವೆ, ಹದಿನೇಳಕ್ಕೆ ಒಂದು ಮಗು, ಹತ್ತೊಂಬತ್ತಕ್ಕೆ ಇನ್ನೊಂದು, ಇಪ್ಪತ್ತೊಂದಕ್ಕೆ ಆಪರೇಷನ್. ಜನಸಂಖ್ಯೆಯ ಲೆಕ್ಕದಲ್ಲಿ ಎರಡೇ ಮಕ್ಕಳ ಚಿಕ್ಕ ಸಂಸಾರ, ಎಲ್ಲವೂ ಸರಿ. ಅವಳ ಹದಿಹರೆಯವಿಡೀ ಎಲ್ಲಿ ಹೋಯಿತು ಎಂದು ಆ ಲೆಕ್ಕ ಕೇಳುವುದಿಲ್ಲ. ಅದನ್ನು ಕೇಳುವುದು 3.7.2 ಮಾತ್ರ.

ಇನ್ನು, ಹೊರಗಿನವರ ಗುರಿ ಎಂಬ ಮಾತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಗಳ ನೆಲ ಹಳೆಯ ಮೈಸೂರು ಸಂಸ್ಥಾನದ್ದು. ಮೈಸೂರು 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮವರು ಈ ಜಗಳ ಶುರು ಮಾಡಿದ್ದರು.

ಶ್ರೀನಿವಾಸಪುರದ ಒಬ್ಬ ತಂದೆ

ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಇಲ್ಲಿ ಎಲ್ಲರೂ ಹುಡುಗಿಯ ಕಡೆಯಿಂದ ಮಾತನಾಡುತ್ತಿದ್ದೀರಿ, ಅದು ನ್ಯಾಯ. ಹೆತ್ತವರ ಕಡೆಯ ಮಾತನ್ನೂ ಕೇಳಿ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಈಗ ಮೊದಲ ಪಿಯುಸಿ. ಕಾಲೇಜು ನಮ್ಮೂರಿನಿಂದ 16 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಬಸ್‌ಗೆ ದುಡ್ಡು ಬೇಡ, ಅದು ನಿಜವಾದ ಉಪಕಾರ. ಆದರೆ ಕಾಲೇಜು ಬಿಡುವುದು ನಾಲ್ಕೂವರೆಗೆ, ನಮ್ಮೂರಿನ ಬಸ್ ಹೊರಡುವುದು ನಾಲ್ಕಕ್ಕೆ. ಮುಂದಿನದು ಆರೂಮುಕ್ಕಾಲಿಗೆ. ಅಡ್ಡರಸ್ತೆಯಲ್ಲಿ ಇಳಿದು ಎರಡು ಕಿಲೋಮೀಟರ್ ಮಾವಿನ ತೋಪುಗಳ ನಡುವೆ ನಡೆಯಬೇಕು. ಕತ್ತಲಾಗಿರುತ್ತದೆ. ನಾನೂ ನನ್ನ ಹೆಂಡತಿಯೂ ಕೂಲಿಗೆ ಹೋದವರು ಆ ಹೊತ್ತಿಗೆ ಬಂದಿರುವುದಿಲ್ಲ. ಊರಿನಲ್ಲಿ ಒಬ್ಬ ಹುಡುಗಿ ಯಾರ ಜೊತೆಗೋ ಹೋದರೆ ಉಳಿದ ಮನೆಗಳಲ್ಲೆಲ್ಲ ಅದೇ ವಾರ ವರ ನೋಡಲು ಶುರು ಮಾಡುತ್ತಾರೆ. ಹೆಣ್ಣಿಗೆ ವಯಸ್ಸಾದಷ್ಟೂ, ಓದಿದಷ್ಟೂ ಗಂಡಿನ ಕಡೆಯವರು ಹೆಚ್ಚು ಕೇಳುತ್ತಾರೆ. ನಾನು ಮಗಳ ಶತ್ರುವಲ್ಲ. ಭಯದಲ್ಲಿ ಮಲಗುತ್ತೇನೆ, ಭಯದಲ್ಲಿ ಏಳುತ್ತೇನೆ.

ಗುಡಿಬಂಡೆ ಟೀಚರ್

ಅಣ್ಣಾ, ನಿಮ್ಮ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಾರೆ. ಬಸ್‌ನ ಸಮಯದ ಬಗ್ಗೆ ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿ ಡಿಪೊಗೆ ಕಳುಹಿಸುವುದು ಸಾಧ್ಯ. ಅದನ್ನು ನಮ್ಮ ಸಭೆಯಲ್ಲಿಯೂ ಇಡುತ್ತೇನೆ, ನಮ್ಮಲ್ಲಿಯೂ ಅದೇ ತೊಂದರೆ ಇದೆ. ಮಗಳನ್ನು ಪಿಯುಸಿಗೆ ಸೇರಿಸಿದ್ದೀರಿ, ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಶಿಡ್ಲಘಟ್ಟದ ಅಕ್ಕ

ತುಮಕೂರಿನ ತಮ್ಮ ‘ಊಹಿಸಿಕೊಳ್ಳಿ’ ಎಂದು ಬರೆದಿದ್ದಾನಲ್ಲ, ಆ ಹುಡುಗಿ ನಾನೇ. ವಯಸ್ಸುಗಳು ಕೂಡ ಒಂದೂ ತಪ್ಪಿಲ್ಲ. ಓದುತ್ತಾ ಕೈ ನಡುಗಿತು.

ಹತ್ತನೆಯದರಲ್ಲಿ ಗಣಿತ, ಇಂಗ್ಲಿಷ್, ವಿಜ್ಞಾನ ಮೂರರಲ್ಲಿ ಹೋಯಿತು. ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ, ಊರೆಲ್ಲ ಲಗ್ನಗಳಿದ್ದ ಕಾಲ. ಫೇಲಾದ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂದರು. ಸೋದರಮಾವ ಇದ್ದ, ಹೊರಗಿನವರಲ್ಲ, ವರದಕ್ಷಿಣೆ ಇಲ್ಲ, ಕಣ್ಣೆದುರಿಗೇ ಇರುತ್ತಾಳೆ ಎಂದರು. ಹದಿನೈದು ದಿನದಲ್ಲಿ ಮುಗಿದುಹೋಯಿತು. ಯಾರೂ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಯಾರೂ ಕೇಳಲೂ ಇಲ್ಲ.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ಎಂದು ಹೇಳು ಎಂದರು, ಹೇಳಿದೆ. ನೋವು ಬಂದಾಗ ನನಗೆ ಮಗು ಎಲ್ಲಿಂದ ಬರುತ್ತದೆ ಎಂಬುದು ಕೂಡ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆ ಇತ್ತು, ಆದರೂ ಬರೆಯುತ್ತೇನೆ, ಏಕೆಂದರೆ ಆ ಪಾಠವನ್ನು ನಮ್ಮ ಶಾಲೆಯಲ್ಲಿ “ಮನೆಯಲ್ಲಿ ಓದಿಕೊಳ್ಳಿ” ಎಂದು ಬಿಟ್ಟಿದ್ದರು.

ನನಗೀಗ ಇಪ್ಪತ್ತೆಂಟು. ರೇಷ್ಮೆ ಬಿಚ್ಚಾಣಿಕೆ ಮನೆಯಲ್ಲಿ ಕೆಲಸ ಮಾಡುತ್ತೇನೆ, ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲಿನ ಎಳೆ ಹಿಡಿಯುವುದು. ಆಪರೇಷನ್ ಆದ ಮೇಲೆ ಶುರುವಾದ ಸೊಂಟನೋವು ಇನ್ನೂ ಬಿಟ್ಟಿಲ್ಲ. ಗಂಡ ಕೆಟ್ಟವನಲ್ಲ. ಮಗಳಿಗೆ ಹನ್ನೊಂದು. ಅವಳು ದೊಡ್ಡವಳಾಗುವ ದಿನ ಹತ್ತಿರ ಬರುತ್ತಿದೆ, ಅತ್ತೆ ಆಗಲೇ ಸೋದರ ಸಂಬಂಧದ ಮಾತು ತೆಗೆಯುತ್ತಾರೆ. ಆ ಮಾತು ಬಂದಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಶ್ರೀನಿವಾಸಪುರದ ಅಣ್ಣ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನನ್ನ ಅಪ್ಪನಿಗೂ ಅದೇ ಭಯ ಇತ್ತು. ನನ್ನ ಮದುವೆಯ ದಿನ ಅವರ ಭಯ ಹೋಯಿತು, ನನ್ನದು ಅಂದೇ ಶುರುವಾಯಿತು.

ಕೋಲಾರದ ವಕೀಲೆ

ಅಕ್ಕಾ, ಇಷ್ಟನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ.

ಟೀಚರ್ ಅವರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಒಂದೆರಡು ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಇಂಥ ಮದುವೆ ತಾನಾಗಿಯೇ ರದ್ದಾಗುವುದಿಲ್ಲ. ಮಗುವಾಗಿದ್ದಾಗ ಮದುವೆಯಾದವರು ಪ್ರಾಪ್ತ ವಯಸ್ಸಿಗೆ ಬಂದು ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಮಾಡಿತು. ನಮ್ಮ ಗಡಿ ತಾಲ್ಲೂಕುಗಳಿಗೆ ಇದು ಮುಖ್ಯ, ಏಕೆಂದರೆ ಆ ತಿದ್ದುಪಡಿ ಆಂಧ್ರದಲ್ಲಿ ಅನ್ವಯಿಸುವುದಿಲ್ಲ. ಮದುವೆ ಮಾಡಿದ ತಂದೆತಾಯಿ, ಪುರೋಹಿತರು ಮಾತ್ರವಲ್ಲ, ತಿಳಿದೂ ತಿಳಿದೂ ಪಾಲ್ಗೊಂಡವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಅದೇ ಕಾಯ್ದೆಯಲ್ಲಿ ಹುಡುಗಿಗೆ ಜೀವನಾಂಶ, ವಸತಿ ಕೊಡಿಸಲು ಅವಕಾಶವಿದೆ. ಅದನ್ನು ಯಾರೂ ಅವಳಿಗೆ ಹೇಳುವುದಿಲ್ಲ. ಕಾಯ್ದೆಯ ಜೈಲಿನ ಪುಟ ಮಾತ್ರ ಊರಿಗೆ ತಿಳಿದಿದೆ, ರಕ್ಷಣೆಯ ಪುಟ ತಿಳಿದಿಲ್ಲ.

2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೆಂಡತಿಯಾಗಿದ್ದರೂ ಹದಿನೆಂಟರೊಳಗಿನ ಹುಡುಗಿಯ ಜೊತೆಗಿನ ಸಂಬಂಧ ಅತ್ಯಾಚಾರವೇ ಎಂದು ಹೇಳಿತು. ಆ ತೀರ್ಪು ಸರಿ ಎಂದೇ ನಾನು ನಂಬುತ್ತೇನೆ. ಆದರೆ ಸಿಸ್ಟರ್ ಹೇಳಿದ ಭಯವೂ ಸುಳ್ಳಲ್ಲ. ಇದನ್ನು ನ್ಯಾಯಾಲಯವೂ ಗಮನಿಸಿದೆ: 2022ರ ಸೆಪ್ಟೆಂಬರ್‌ನಲ್ಲಿ, ಗರ್ಭಪಾತಕ್ಕೆ ಬಂದ ಅಪ್ರಾಪ್ತ ವಯಸ್ಸಿನವಳೂ ಅವಳ ಪೋಷಕರೂ ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಬಿಟ್ಟುಕೊಡಬೇಕಿಲ್ಲ ಎಂದಿತು. ಅಷ್ಟೇ ರಕ್ಷಣೆ, ಮಗುವನ್ನು ಉಳಿಸಿಕೊಂಡು ತಪಾಸಣೆಗೆ ಬರುವ ಹುಡುಗಿಗೂ ಸಿಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ಅವಳು ನಮ್ಮ ಎಣಿಕೆಯಿಂದ ತಪ್ಪಿಸಿಕೊಳ್ಳುತ್ತಾಳೆ, ಎಣಿಕೆಯ ಜೊತೆಗೆ ಔಷಧದಿಂದಲೂ.

ಟೀಚರ್, ಮದುವೆ ಇನ್ನೂ ಆಗಿಲ್ಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಮಾಡಿದವರ ಹೆಸರು ಗುಟ್ಟಾಗಿರುತ್ತದೆ. ಆಗಿಹೋಗಿದ್ದರೆ ಮೊದಲು ಅವಳನ್ನು ವೈದ್ಯರಿಗೆ ತೋರಿಸಿ. ಇವತ್ತು ಅವಳ ಆರೋಗ್ಯ, ಉಳಿದದ್ದು ನಂತರ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ನಾನು ಬೇಕಾದರೆ ಮಾತನಾಡುತ್ತೇನೆ.

ಬಾಗೇಪಲ್ಲಿಯಿಂದ

ಬಸವ ಜಯಂತಿ, ಅಕ್ಷಯ ತದಿಗೆ ಎರಡೂ ಒಂದೇ ದಿನ. ಆ ದಿನ ನಮ್ಮ ಕಡೆ ಅಧಿಕಾರಿಗಳು ಛತ್ರಗಳ ಮುಂದೆ ಕಾಯುತ್ತಾರೆ. ನಮ್ಮ ಪಕ್ಕದ ಬೀದಿಯ ಮದುವೆ ಅದಕ್ಕೂ ಹತ್ತು ದಿನ ಮೊದಲು, ಬೆಳಗಿನ ಜಾವ, ಗಡಿಯ ಆಚೆಯ ದೇವಸ್ಥಾನವೊಂದರಲ್ಲಿ ಆಗಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿಸಿರಲಿಲ್ಲ. ಕಾವಲು ಕಾಯಬೇಕಾದದ್ದು ಛತ್ರವನ್ನಲ್ಲ, ಶಾಲೆಯ ಹಾಜರಿ ಪುಸ್ತಕವನ್ನು.

ಪಾವಗಡದ ಸಿಸ್ಟರ್

ಬಾಗೇಪಲ್ಲಿಯವರ ಮಾತು ಸರಿ. ಇನ್ನೊಂದು ಸೇರಿಸುತ್ತೇನೆ. ಹದಿನೆಂಟು ದಾಟಿ ಮದುವೆಯಾದವರನ್ನು ನಾವು ಮರೆಯುತ್ತಿದ್ದೇವೆ. 15–19ರ ಲೆಕ್ಕದಲ್ಲಿ ಅವರೂ ಇದ್ದಾರೆ. ಮದುವೆಯಾಗಿ ಮೂರು ತಿಂಗಳಾದರೆ ಸಾಕು, ವಿಶೇಷವೇನಾದರೂ ಇದೆಯೇ ಎಂದು ಊರೇ ಕೇಳುತ್ತದೆ. ಗರ್ಭ ತಡೆಯುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿವೆ. ಆದರೆ ಒಂದು ಮಗುವೂ ಆಗದವಳು ಕೇಳಿಕೊಂಡು ಬರುವುದು ಅಪರೂಪ, ಬಂದರೂ ಗಂಡನನ್ನು ಹೊರಗೆ ನಿಲ್ಲಿಸಿ ಪಿಸುಗುಡುತ್ತಾಳೆ. ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಬಾಗಿಲು ಮುಚ್ಚಿ ಮಾತನಾಡಲು ಒಂದು ಕೋಣೆ ಇದ್ದರೆ ಅರ್ಧ ಕೆಲಸ ಆದಂತೆ.

ಗುಡಿಬಂಡೆ ಟೀಚರ್

ಸಭೆ ನಿನ್ನೆ ಆಯಿತು. ಆದದ್ದನ್ನು ಬರೆಯುತ್ತೇನೆ.

ಸೊನ್ನೆಯನ್ನು ತೆಗೆಸಿದೆ. ಯಾರ ಹೆಸರನ್ನೂ ಹೇಳಲಿಲ್ಲ. “ಈ ಲೆಕ್ಕ ನಮ್ಮಲ್ಲಿ ಇಲ್ಲ, ತೆಗೆದುಕೊಳ್ಳುವ ಬಗೆ ಇನ್ನು ಮುಂದೆ ಕಂಡುಕೊಳ್ಳುತ್ತೇವೆ” ಎಂದು ಬರೆಸಿದೆ. ಒಬ್ಬರು ಸದಸ್ಯರಿಗೆ ಸಿಟ್ಟು ಬಂತು, ಪಂಚಾಯಿತಿಯ ಹೆಸರು ಹಾಳಾಗುತ್ತದೆ ಎಂದರು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮ ಅಕ್ಕನ ಬೆಂಚು ಖಾಲಿ ಇದ್ದದ್ದನ್ನು ನಾವೆಲ್ಲ ನೋಡಿದ್ದೇವಲ್ಲ ಸರ್” ಎಂದಳು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಬಸ್‌ನ ಸಮಯ ಬದಲಿಸಲು ಡಿಪೊಗೆ ಪತ್ರ ಹೋಗುತ್ತದೆ, ನಡಾವಳಿಯಲ್ಲಿ ಬಂದಿದೆ. ಇನ್ನೊಂದು ನಿರ್ಣಯ ನನಗೆ ಎಲ್ಲಕ್ಕಿಂತ ಹೆಚ್ಚು. ಎಸ್ಸೆಸ್ಸೆಲ್ಸಿ ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮೊದಲ ಫಲಿತಾಂಶ ಬಂದ ದಿನವೇ ತೇರ್ಗಡೆಯಾಗದ ಹುಡುಗಿಯರ ಪಟ್ಟಿ ಹಿಡಿದು ಆಶಾ, ಅಂಗನವಾಡಿ ಕಾರ್ಯಕರ್ತೆ, ನಾನು ಮೂವರೂ ಮನೆಮನೆಗೆ ಹೋಗಿ ಎರಡನೆಯ ಪರೀಕ್ಷೆಗೆ ಅರ್ಜಿ ತುಂಬಿಸುತ್ತೇವೆ. ಶಿಡ್ಲಘಟ್ಟದ ಅಕ್ಕನ ಆ ಹದಿನೈದು ದಿನಗಳನ್ನು ನೆನೆದೇ ಇದನ್ನು ಸೂಚಿಸಿದ್ದು. ತೇರ್ಗಡೆಯಾದವರು ಜೂನ್‌ನಲ್ಲಿ ಯಾವ ಕಾಲೇಜಿಗೆ ಸೇರಿದರು ಎಂಬುದನ್ನೂ ಬರೆದಿಡುತ್ತೇವೆ. ಎಲ್ಲಿಯೂ ಸೇರದವಳ ಮನೆಗೆ ಅದೇ ವಾರ ಭೇಟಿ.

ನನ್ನ ಹಳೆಯ ವಿದ್ಯಾರ್ಥಿನಿ ವಕೀಲೆ ಮೇಡಂ ಜೊತೆ ಫೋನಿನಲ್ಲಿ ಮಾತನಾಡಿದ್ದಾಳೆ. ಕೂಸಿಗೆ ಲಸಿಕೆ ತಪ್ಪಿತ್ತು, ಹಾಕಿಸಿದೆವು.

ಶಿಡ್ಲಘಟ್ಟದ ಅಕ್ಕ

ಟೀಚರ್, ಒಂದು ಕೇಳಬಹುದೇ? ಆ ಮೂರು ವಿಷಯಗಳನ್ನು ನಾನು ಈಗ ಬರೆಯಬಹುದೇ? ಇಪ್ಪತ್ತೆಂಟಕ್ಕೆ ಬಿಡುತ್ತಾರೆಯೇ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಗುಡಿಬಂಡೆ ಟೀಚರ್

ಬರೆಯಬಹುದು. ಹಳೆಯ ಹಾಲ್ ಟಿಕೆಟ್ ಅಥವಾ ಅಂಕಪಟ್ಟಿ ಇದೆಯೇ ಹುಡುಕಿ. ಸಿಗದಿದ್ದರೂ ಹೆದರಬೇಡಿ, ನೀವು ಓದಿದ ಶಾಲೆಯಲ್ಲಿ ದಾಖಲೆ ಇರುತ್ತದೆ, ನಾನೇ ಜೊತೆಗೆ ಬರುತ್ತೇನೆ. ಗಣಿತದ ಪುಸ್ತಕ ನನ್ನ ಬಳಿ ಇದೆ. ಭಾನುವಾರ ಮಗಳನ್ನೂ ಕರೆದುಕೊಂಡು ಬನ್ನಿ.